ಎಡಗಂಬದ ಕಿಟ್ಟ

ಈ ಕಥೆಯನ್ನು ನಮಗೆ ಮೊದಲು ಹೇಳಿದವರು ನಸರುಲ್ಲಾ. ಈ ವರ್ಷ ಸಂಕ್ರಾಂತಿಗೆ ಮುಂಚಿನ ಭಾನುವಾರ ಸಂಜೆ, ಭದ್ರಾವತಿ ಹಳೇನಗರದ ಮೈದಾನದ ಪಕ್ಕ, ಚೌಡಪ್ಪನ ಟೀ ಅಂಗಡಿಯಲ್ಲಿ.

ಹೇಳಿದರು ಅನ್ನುವುದು ಪೂರ್ತಿ ಸರಿಯಲ್ಲ, ಓದಿದರು. ನಸರುಲ್ಲಾ ಬೈಕ್ ರಿಪೇರಿಯವರು. ಒಂದು ಕಾಲಕ್ಕೆ ಇಲ್ಲಿನ ಕಬ್ಬಿಣದ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಬ್ಯಾಕ್ ಆಡುತ್ತಿದ್ದರು. ಅವರ ಬೆನ್ನ ಹಿಂದೆ ಗೋಲು ಕಾಯುತ್ತಿದ್ದವರು ಪುಟ್ಟಯ್ಯ. ಭಾನುವಾರದ ಆಟ ಮುಗಿಸಿ ಬೂಟು ಬಿಚ್ಚುತ್ತಾ ಕೂತಿದ್ದ ನಾವೊಂದಷ್ಟು ಜನ ಕೇಳುವವರು. ಪುಟ್ಟಯ್ಯ ಮುಂದಿನ ಬೆಂಚಿನಲ್ಲಿ ಕಿವಿಗೆ ಅಂಗೈ ಹಿಡಿದು ಕೂತಿದ್ದರು. ರೋಲಿಂಗ್ ಮಿಲ್ಲಿನ ಸದ್ದು ತಿಂದುಹಾಕಿದ ಕಿವಿ ಅದು. ಎದುರಿಗೆ ನಿಂತು ಕೂಗಿದರೆ ಮಾತ್ರ ಏನಾದರೂ ಒಳಗೆ ಹೋಗುತ್ತದೆ. ಫೋನು ಅವರಿಗೆ ಆಗಿಬರುವುದಿಲ್ಲ, ಮೊಬೈಲಿನಲ್ಲಿ ಬರೆಯಲು ಆ ದಪ್ಪ ಬೆರಳು ಬಗ್ಗುವುದಿಲ್ಲ. ಹಾಗಾಗಿ ಮಗ ನಿಶಾಂತ್ ಗೋಲ್‌ಕೀಪರ್ ಆಗಿ ಊರೂರು ಸುತ್ತಲು ಹೊರಟಾಗಿನಿಂದ ಅಪ್ಪ ಮಗನ ಮಾತೆಲ್ಲ ಕಾಗದದಲ್ಲೇ ನಡೆದಿತ್ತು.

“ಜೋರಾಗಿ ಓದೋ, ನಂಗೂ ಕೇಳ್ಬೇಕು” ಅಂದರು ಪುಟ್ಟಯ್ಯ.

“ನಿಂಗೆ ಕೇಳೋ ಹಾಗೆ ಓದಿದ್ರೆ ಶಿವಮೊಗ್ಗಕ್ಕೂ ಕೇಳುತ್ತೆ ಮಾರಾಯ” ಅಂದರು ನಸರುಲ್ಲಾ.

“ಅದಕ್ಕೇ ಓದು ಅಂದಿದ್ದು.”

ನಸರುಲ್ಲಾ ಕನ್ನಡಕ ಏರಿಸಿಕೊಂಡು ಕೈಯಲ್ಲಿದ್ದ ಕಾಗದಗಳಲ್ಲಿ ಮೊದಲನೆಯದನ್ನು ಬಿಚ್ಚಿದರು.

•

ಭದ್ರಾವತಿ
18-3-2024

ನಿಶಾಂತನಿಗೆ,

ಕಾಗದದ ತಲೆಯಲ್ಲಿ ಆಶೀರ್ವಾದ ಅಂತ ಬರೆಯೋದು ರೂಢಿ. ಈ ಸಲ ಬರೆದಿಲ್ಲ. ಮರೆತದ್ದಲ್ಲ.

ನಿನ್ನೆ ನಿನ್ನ ಆಟ ನೋಡಿದೆವು. ಚೌಡಪ್ಪ ಅಂಗಡಿ ಗೋಡೆಗೆ ಹೊಸ ಟಿವಿ ಹಾಕಿಸಿದ್ದ, ನಿನ್ನ ಆಟಕ್ಕೆ ಅಂತಲೇ. ಅರ್ಧ ಹಳೇನಗರ ಅಲ್ಲಿ ನಿಂತಿತ್ತು. ಸಮ ಮಾಡಿಕೊಂಡಿದ್ದರೂ ನಿನ್ನ ಕ್ಲಬ್ಬು ಮೇಲಿನ ಲೀಗಿಗೆ ಹೋಗುತ್ತಿತ್ತು. ಆಟ ಇನ್ನೇನು ಮುಗಿಯಿತು ಅನ್ನುವಾಗ ಆ ಚೆಂಡು ಬಂತು. ಬಂತು ಅಂದರೆ ಏನು, ಉರುಳಿತು. ಸಂಜೆ ಎಮ್ಮೆ ಕೊಟ್ಟಿಗೆಗೆ ಬರೋ ಹಾಗೆ ಬಂತು, ನಿನ್ನ ಎಡಗೈ ಕಡೆ, ಕಂಬದ ಬುಡಕ್ಕೆ. ಮೈ ಚೆಲ್ಲಿ ಬಿದ್ದಿದ್ದರೆ ಎದೆಗೇ ಸಿಗುತ್ತಿತ್ತು. ನೀನು ಬೀಳಲಿಲ್ಲ. ಕಾಲು ಚಾಚಿದೆ. ಅಡಿಗೆಮನೆಗೆ ನುಗ್ಗಿದ ಬೆಕ್ಕನ್ನು ನಿಮ್ಮವ್ವ ಓಡಿಸ್ತಾಳಲ್ಲ, ಹಾಗೆ. ಚೆಂಡು ಬೂಟಿನ ಪಕ್ಕದಲ್ಲೇ ಒಳಗೆ ಹೋಯಿತು.

ನಾನು ಎದ್ದು ನಿಂತು, ನನ್ನ ಮಗ ಆಟ ಮಾರಿಕೊಂಡ ಅಂದೆ. ನಸರುಲ್ಲಾನ ಕಿವಿಯಲ್ಲಿ ಮೆಲ್ಲಗೆ ಹೇಳಿದೆ ಅಂತ ನಾನು ಅಂದುಕೊಂಡದ್ದು. ಕಿವುಡನ ಮೆಲುದನಿ ಸೇತುವೆ ಆಚೆಗೂ ಕೇಳಿತಂತೆ. ಕೇಳಲಿ.

ಗೋಲಿನಲ್ಲಿ ನಿಂತು ನಾನು ಎಷ್ಟೋ ಚೆಂಡು ಬಿಟ್ಟಿದೀನಿ. ಆದರೆ ಬಿಡುವಾಗ ಬಿದ್ದು ಬಿಟ್ಟಿದೀನಿ. ಮೈಗೆ ಮಣ್ಣಾಗದೆ ಗೋಲು ಬಿಟ್ಟವನನ್ನು ನಾನು ಏನಂತ ಕರೀಲಿ? ಯಾಕೆ ಬೀಳಲಿಲ್ಲ ಅಂತ ಒಂದೇ ಒಂದು ಕಾರಣ ಬರೆ. ನಾಲಿಗೆ ವಾಪಸ್ ತಗೋತೀನಿ.

ನಿಮ್ಮವ್ವ ಹುಚ್ಚಮ್ಮ ನನ್ನ ಜೊತೆ ಮಾತು ಬಿಟ್ಟಿದಾಳೆ. ನನಗೆ ಮೊದಲೇ ಕೇಳಲ್ಲ, ಅವಳು ಬಿಟ್ಟದ್ದು ಗೊತ್ತಾಗಲಿಲ್ಲ. ಅದು ಅವಳಿಗೂ ಹೊಳೆದು ಈಗ ಸಾರಿಗೆ ಉಪ್ಪು ಬಿಟ್ಟಿದಾಳೆ.

ಪುಟ್ಟಯ್ಯ
(ನಿನ್ನ ತಂದೆ ಅಂತ ಬರೆದಿಲ್ಲ. ಅದೂ ಮರೆತದ್ದಲ್ಲ.)

•

ವಡಕರ, ಕೇರಳ
6-4-2024

ಶ್ರೀ ಪುಟ್ಟಯ್ಯನವರಿಗೆ,

ನಿಮ್ಮ ದನಿ ಸೇತುವೆ ಆಚೆಗೆ ನಿಲ್ಲಲಿಲ್ಲ. ಚೌಡಪ್ಪನ ಅಂಗಡಿಯಲ್ಲಿ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು, ಅದು ಊರೂರು ತಿರುಗಿ ಇಲ್ಲಿಗೂ ಬಂತು. ನಮ್ಮ ಮ್ಯಾನೇಜರಿಗೆ ಕನ್ನಡ ಬರುವುದಿಲ್ಲ. ನನ್ನನ್ನು ಕರೆದು ಮೊಬೈಲು ಮುಂದಿಟ್ಟು, “ಈ ಮುದುಕ ಏನು ಕೂಗುತ್ತಿದ್ದಾನೆ, ಹೇಳು” ಅಂದರು.

ಏನು ಬೇಕಾದರೂ ಹೇಳಬಹುದಿತ್ತು. ಅಯ್ಯೋ ಸೋತೆವಲ್ಲ ಅಂತ ಅಳುತ್ತಿದ್ದಾರೆ ಅಂದಿದ್ದರೆ ನಂಬುತ್ತಿದ್ದರು. ನಾನು ಇದ್ದದ್ದನ್ನೇ ಹೇಳಿದೆ. “ಇವರು ನಮ್ಮಪ್ಪ. ನಾನು ಆಟ ಮಾರಿಕೊಂಡೆ ಅಂತಿದ್ದಾರೆ.”

ಈಗ ವಿಚಾರಣೆ ಇಟ್ಟಿದ್ದಾರೆ. ಅದು ಮುಗಿಯುವ ತನಕ ನಾನು ಗ್ಲೌಸ್ ಹಾಕುವ ಹಾಗಿಲ್ಲ. ಬೇರೆ ಕ್ಲಬ್ಬಿನವರು ಫೋನ್ ಎತ್ತುತ್ತಿಲ್ಲ. ಬೇರೆ ಯಾರೇ ಹೇಳಿದ್ದರೂ ಹೊಟ್ಟೆಕಿಚ್ಚಿಗೆ ಅಂದರು ಅಂತ ತಳ್ಳಿಹಾಕುತ್ತಿದ್ದರು. ಹೆತ್ತವರೇ ಹೇಳಿದ ಮೇಲೆ ಯಾರು ಏನು ತಳ್ಳಿಹಾಕುತ್ತಾರೆ?

ಕಾರಣ ಬರೆ ಅಂತ ಕೇಳಿದ್ದೀರಿ. ಬರೆಯುವುದಿಲ್ಲ. ಬರೆದರೆ ನಿಮಗೇ ಕಷ್ಟ.

ಅವ್ವನಿಗೆ ಹೇಳಿ, ಉಪ್ಪು ಹಾಕದೆ ಇದ್ದದ್ದು ಒಳ್ಳೆಯದೇ ಆಯಿತು ಅಂತ.

ನಿಶಾಂತ್

•

ಗೋಪಾಳ, ಶಿವಮೊಗ್ಗ
20-5-2024

ಅಪ್ಪಾ,

ಈ ಕಾಗದನ ಬಸ್ ಕಂಡಕ್ಟರ್ ಶಶಿಧರ್ ಕೈಲಿ ಕಳಿಸ್ತಿದೀನಿ, ಜೊತೆಗೆ ಒಂದು ಡಬ್ಬಿ ಅಕ್ಕಿರೊಟ್ಟಿ. ಡಬ್ಬಿ ಅವ್ವನಿಗೆ, ಕಾಗದ ನಿನಗೆ. ರೊಟ್ಟಿ ತಿಂದು ಕಾಗದ ಮರೆತೆ ಅನ್ನಬೇಡ.

ನಿನ್ನೆ ಗಾಂಧಿ ಬಜಾರಿಗೆ ಮಗಳ ಯೂನಿಫಾರಂ ಬಟ್ಟೆ ತರೋಕೆ ಹೋಗಿದ್ದೆ. ಅಂಗಡಿಯವನು ಬಟ್ಟೆ ಅಳೀತಾ ಅಳೀತಾ, “ಅಕ್ಕಾ, ಆ ಗೋಲ್ ಬಿಟ್ಟೋರು ನಿಮ್ಮ ತಮ್ಮನೇ ಅಲ್ವಾ? ನಿಮ್ಮ ತಂದೆ ಭಾರೀ ನಿಯತ್ತಿನ ಮನುಷ್ಯರು ಬಿಡಿ, ಮಗ ಅಂತಲೂ ನೋಡ್ಲಿಲ್ಲ” ಅಂದ. ಹೊಗಳ್ತಾನೆ ಅಪ್ಪ! ನಿನ್ನನ್ನ ಹೊಗಳ್ತಾನೆ, ನಾನು ಕೇಳಿಸ್ಕೊಂಡು ನಗಬೇಕು! ಬಟ್ಟೆ ಥಾನು ಎತ್ತಿ ಕೌಂಟರ್ ಮೇಲೆ ಕುಕ್ಕಿ ಎದ್ದು ಬಂದೆ. ಮಗಳು ಹಳೇ ಯೂನಿಫಾರಮ್ಮಿನಲ್ಲೇ ಶಾಲೆಗೆ ಹೋಗಬೇಕು ಈಗ.

ನಿಮ್ಮಿಬ್ಬರ ಮಧ್ಯ ನಾನೇನು ರೆಫ್ರೀನಾ? ಅವನಿಗೆ ಫೋನ್ ಮಾಡಿದ್ರೆ “ಅಪ್ಪನ ವಿಷಯ ಬಿಡು ಅಕ್ಕ” ಅಂತಾನೆ. ನಿನಗೆ ಹೇಳೋಣ ಅಂದ್ರೆ ಕೇಳೋದೇ ಇಲ್ಲ, ಕಿವಿನೂ ಇಲ್ಲ, ಮನಸ್ಸೂ ಇಲ್ಲ.

ಒಂದು ವಿಷಯ ನೆನಪು ಮಾಡ್ತೀನಿ. ಅವನು ಸಣ್ಣವನಿದ್ದಾಗ ನೀನು ಮೈದಾನಕ್ಕೆ ಕರ್ಕೊಂಡು ಹೋಗಿ ಪ್ರಾಕ್ಟೀಸ್ ಮಾಡಿಸಿ ಮನೆಗೆ ತರ್ತಿದ್ದೆಯಲ್ಲ. ನೀನು ಬಚ್ಚಲಿಗೆ ಹೋಗ್ತಿದ್ದ ಹಾಗೇ ಅವನು ನನ್ನ ಹತ್ರ ಬರ್ತಿದ್ದ. ಅವನ ಎಡ ಸೊಂಟ, ಎಡ ಮೊಣಕೈಯಿಂದ ಕುಲುಮೆ ಕಿಟ್ಟದ ಚೂರುಗಳನ್ನ ಸೂಜಿಯಲ್ಲಿ ತೆಗೀತಿದ್ದವಳು ನಾನು. ಗಾಜಿನ ಹಾಗೆ ಚೂಪು, ನೀಲಿ ಬಣ್ಣ. ಹರಳೆಣ್ಣೆ ಹಚ್ಚಿ ಕಳಿಸ್ತಿದ್ದೆ. “ಅಪ್ಪಂಗೆ ಹೇಳ್ಬೇಡ ಅಕ್ಕ, ಹೇಡಿ ಅಂತಾರೆ” ಅಂತಿದ್ದ. ಆಮೇಲೆ ಯಾವಾಗಲೋ ಆ ಸೂಜಿ ಕೆಲಸ ನಿಂತುಹೋಯ್ತು. ಚರ್ಮ ಗಟ್ಟಿಯಾಯ್ತೇನೋ ಅಂದ್ಕೊಂಡೆ. ಈಗ ಬೇರೆ ಥರ ಅನ್ನಿಸ್ತಿದೆ. ನೀನು ಅವನ ಗುರು, ನೀನೇ ಯೋಚನೆ ಮಾಡು.

ಡಬ್ಬಿ ತೊಳೆದು ವಾಪಸ್ ಕಳಿಸು.

ನಿನ್ನ ಮಗಳು
ಸುಷ್ಮಾ

•

ಭದ್ರಾವತಿ
8-7-2024

ನಿಶಾಂತನಿಗೆ,

‘ಶ್ರೀ ಪುಟ್ಟಯ್ಯನವರಿಗೆ’ ಅಂತ ಬರೆದಿದೀಯ. ಕರೆಂಟ್ ಬಿಲ್ಲೂ ನನ್ನನ್ನು ಹಾಗೇ ಕರೆಯೋದು. ‘ನೀವು’ ಅಂತಲೂ ಬರೆದಿದೀಯ. ಯಾವಾಗಿನಿಂದ ನಾನು ನಿನಗೆ ನೀವು ಆದೆ?

ಕಾರಣ ಬರೆದರೆ ನನಗೆ ಕಷ್ಟ ಅಂತೆ. ಮಿಲ್ಲಿನಲ್ಲಿ ಕೆಂಡದಂಥ ಸರಳು ನನ್ನ ತೊಡೆ ಪಕ್ಕ ಹಾವಿನ ಹಾಗೆ ಹರಿದು ಹೋಗ್ತಿತ್ತು, ಆಗ ಆಗದ ಕಷ್ಟ ನಿನ್ನ ಮಸಿ ಅಕ್ಷರಕ್ಕೆ ಆಗುತ್ತಾ? ನಿನ್ನಕ್ಕನೂ ಏನೋ ಬರೆದಿದಾಳೆ, ಸೂಜಿ, ಸೊಂಟ, ಹರಳೆಣ್ಣೆ. ಫುಟ್‌ಬಾಲಿಗೂ ಹರಳೆಣ್ಣೆಗೂ ಏನು ಸಂಬಂಧ?

ನನಗೆ ಗೊತ್ತಿರೋದು ಇಷ್ಟು. ನನ್ನ ಕಾಲದಲ್ಲಿ ನನ್ನನ್ನು ಬೇರೆ ಯಾವ ಊರಿನವರೂ ಆಡೋಕೆ ಕರೆಯಲಿಲ್ಲ. ಒಂದೇ ಮೈದಾನ, ಒಂದೇ ಗೋಲು ಕಾದು ಮುದುಕನಾದೆ. ನಿನ್ನನ್ನು ಗೋವಾದವರು ಕರೆದರು, ಕಲ್ಕತ್ತೆಯವರು ಕರೆದರು. ಐಜಾಲ್ ಎಲ್ಲಿದೆ ಅಂತ ನಾನು ಮೇಷ್ಟ್ರ ಮನೆಗೆ ಹೋಗಿ ಭೂಪಟದಲ್ಲಿ ನೋಡಿ ಬಂದೆ. ಮಾಲ್ಡೀವ್ಸಿನವರು ಸಮುದ್ರ ದಾಟಿಸಿ ಕರೆಸಿಕೊಂಡರು. ಕಠ್ಮಂಡು, ಲೂಧಿಯಾನ. ಒಟ್ಟು ಹನ್ನೊಂದು ಜರ್ಸಿ ನಡುಮನೆ ಗೋಡೆ ಮೇಲಿತ್ತು, ಬಂದವರು ಚಪ್ಪಲಿ ಬಿಡೋ ಮುಂಚೆ ಅದನ್ನೇ ನೋಡ್ತಿದ್ದರು. ಅಷ್ಟು ಊರಿಗೆ ಬೇಕಾದವನಿಗೆ ಉರುಳೋ ಚೆಂಡು ಹಿಡಿಯೋಕೆ ಬರಲ್ಲ ಅಂದರೆ ಯಾರು ನಂಬ್ತಾರೆ? ಬರುತ್ತೆ. ಬಂದೂ ಹಿಡಿಯಲಿಲ್ಲ. ಅದಕ್ಕೆ ನಾನು ಆವತ್ತು ಇಟ್ಟ ಹೆಸರೇ ಹೆಸರು.

ಜರ್ಸಿಗಳನ್ನು ಇಳಿಸಿದೆ. ಗಾಡಿ ಒರೆಸೋಕೆ ಇಟ್ಕೋ ಅಂತ ನಸರುಲ್ಲಾನ ಅಂಗಡಿಗೆ ಹೊತ್ತುಕೊಂಡು ಹೋಗಿ ಕೊಟ್ಟೆ. ಅವನು ಒಂದನ್ನು ಕೈಯಲ್ಲಿ ಹಿಂಡಿ ನೋಡಿ, “ಇದು ಎಣ್ಣೆ ಹೀರಲ್ಲ ಮಾರಾಯ, ಪಾಲಿಸ್ಟರು. ಒಯ್ದು ಮೊದಲಿದ್ದ ಜಾಗದಲ್ಲೇ ಹಾಕು” ಅಂದ. ಹಾಕಿಲ್ಲ. ಮಂಚದ ಕೆಳಗೆ ಬಿದ್ದಿವೆ.

ಪುಟ್ಟಯ್ಯ

•

ಶಿಲ್ಲಾಂಗ್
25-8-2024

ಅಪ್ಪನವರಿಗೆ,

ಮುಂಚೆಯೆಲ್ಲ ಸಾಷ್ಟಾಂಗ ನಮಸ್ಕಾರ ಅಂತ ಬರೆಯುತ್ತಿದ್ದೆ. ಬೀಳಲು ಬಾರದವನು ಅದನ್ನು ಬರೆಯಬಾರದು.

ವಿಚಾರಣೆ ಮುಗಿಯಿತು. ನಾನು ಮಾರಿಕೊಂಡಿಲ್ಲ ಅಂತ ತೀರ್ಮಾನವಾಯಿತು. ಹೇಗೆ ಅಂತ ಹೇಳುತ್ತೇನೆ, ಕೂತುಕೊಂಡು ಓದಿ. ಒಂದು ರೂಮಿನಲ್ಲಿ ನನ್ನನ್ನು ಮಧ್ಯೆ ಕೂರಿಸಿ, ನಾನು ಆಡಿದ ಹಳೆಯ ಆಟಗಳ ವಿಡಿಯೋ ಎಲ್ಲ ಗೋಡೆ ಮೇಲೆ ಬಿಟ್ಟರು. ಒಂದೊಂದು ಊರಿನದು. ಪ್ರತಿ ಊರಿನಲ್ಲೂ ಎಡಗಡೆ ನೆಲಕ್ಕೆ ಬಂದ ಚೆಂಡಿಗೆ ನಾನು ಕಾಲು ಚಾಚುತ್ತಿದ್ದೇನೆ. ಮೊದಲು ಗಂಭೀರವಾಗಿ ನೋಡುತ್ತಿದ್ದರು. ಆಮೇಲೆ ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. “ಇವನು ಮಾರಿಕೊಂಡಿಲ್ಲ. ಇವನಿಗೆ ಎಡಗಡೆ ಬರೋದೇ ಇಲ್ಲ” ಅಂತ ಬರೆದು ಸಹಿ ಹಾಕಿದರು. ನಾನು ನಿಯತ್ತಿನವನು ಅಂತ ಸಾಬೀತಾದದ್ದು ಹೀಗೆ. ಕಳ್ಳ ಅಂತ ಅಂದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಹನ್ನೊಂದು ಊರು ನನ್ನನ್ನು ಕರೆದವು ಅಂತ ಬರೆದಿದ್ದೀರಿ. ಕರೆದದ್ದು ನಿಜ. ಅಷ್ಟೂ ಊರು ಕಳಿಸಿದ್ದೂ ನಿಜ. ಬಲಗಡೆಗೆ ನನ್ನ ಹಾಗೆ ಹಾರುವವರು ಕಡಿಮೆ, ಎತ್ತರದ ಚೆಂಡು ಎಲ್ಲಿ ಬಂದರೂ ನನ್ನದೇ. ಅದನ್ನು ನೋಡಿ ಕರೆಯುತ್ತಾರೆ. ಸ್ವಲ್ಪ ದಿನದಲ್ಲೇ ಎದುರಿನವರಿಗೆ ಗುಟ್ಟು ಸಿಗುತ್ತದೆ, ಎಡಕ್ಕೆ ಹೊಡಿ, ನೆಲಕ್ಕೆ ಹೊಡಿ ಅಂತ. ಐಜಾಲ್ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಅಜ್ಜಿಗೂ ಅದು ಗೊತ್ತಿತ್ತು. ನನ್ನನ್ನು ಕಂಡರೆ ಎಡಗಾಲು ಚಾಚಿ ತೋರಿಸಿ ನಗುತ್ತಿದ್ದಳು, ಒಂದು ಕಟ್ಟು ಜಾಸ್ತಿ ಕೊಡುತ್ತಿದ್ದಳು. ಮಾಲ್ಡೀವ್ಸಿನ ಮೈದಾನ ಪ್ಲಾಸ್ಟಿಕ್ ಹುಲ್ಲಿನದು, ದುಪ್ಪಟಿಯ ಹಾಗೆ ಮೆತ್ತಗೆ. ಅಲ್ಲೂ ಬೀಳಲಿಲ್ಲ. ಲೂಧಿಯಾನದ ಕೋಚ್ ಒಳ್ಳೆಯ ಮನುಷ್ಯ, ದಿನಾ ಬೆಳಿಗ್ಗೆ ನನ್ನ ಎಡಕ್ಕೆ ಹಾಸಿಗೆ ಹಾಸಿ, “ಬೀಳು ಮಗನೇ, ಬೀಳು” ಅನ್ನುತ್ತಿದ್ದರು. ಅದು ಹಾಸಿಗೆ ಅಂತ ತಲೆಗೆ ಗೊತ್ತಿತ್ತು. ಸೊಂಟಕ್ಕೆ ಗೊತ್ತಿದ್ದದ್ದು ಭದ್ರಾವತಿ ಒಂದೇ. ಕೊನೆಗೆ ಅವರೂ ಹಾಸಿಗೆ ಸುತ್ತಿ ಎತ್ತಿಟ್ಟರು.

ಇಲ್ಲಿ ಶಿಲ್ಲಾಂಗಿನಲ್ಲಿ ನಿನ್ನೆ ನನ್ನನ್ನು ಪರೀಕ್ಷೆ ಮಾಡಿ ನೋಡಿದರು. ಮೊದಲ ಚೆಂಡನ್ನೇ ಎಡಕ್ಕೆ ಉರುಳಿಸಿದರು. ನಾಳೆ ಇಲ್ಲಿಂದಲೂ ಹೊರಡುತ್ತೇನೆ.

ಕಾರಣ ಬೇಕಿತ್ತಲ್ಲ? ನಮ್ಮ ಮೈದಾನದ ಗೋಲಿನ ಎಡಗಂಬದ ಹತ್ತಿರ ಒಂದು ಗುಂಡಿ ಇತ್ತು, ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು. ಆ ನೀರಿನಲ್ಲಿ ನಿಂತೂ ನಿಂತೂ ನನಗೆ ಜ್ವರ ಬಂತು. ಬೇರೆ ಊರಿನವರಾಗಿದ್ದರೆ ಗುಂಡಿಗೆ ಮಣ್ಣು ತುಂಬುತ್ತಿದ್ದರು. ನೀವು ಕುಲುಮೆಯ ಜನ. ಕಬ್ಬಿಣ ಕರಗಿಸಿ ಉಳಿದ ಕಿಟ್ಟದಲ್ಲೇ ನಿಮ್ಮ ರಸ್ತೆ, ಅದರಲ್ಲೇ ನಿಮ್ಮ ಮನೆ ಪಾಯ, ಬಚ್ಚಲ ಮುಂದೆ ಹಾಸುವುದೂ ಅದೇ. ನೀವೂ ಚೌಡಪ್ಪನೂ ಕೈಗಾಡಿಯಲ್ಲಿ ಕಿಟ್ಟ ತಂದು ಗೋಲಿನ ಬಾಯಿಗೆ ಸುರಿದು, ದಮ್ಮಸು ಹೊಡೆದು, ಮೇಲೆ ಒಂದಿಷ್ಟು ಮಣ್ಣು ಎಳೆದಿರಿ. “ನನ್ನ ಮಗ ಇನ್ನು ನೀರಲ್ಲಿ ನಿಲ್ಲಲ್ಲ” ಅಂತ ಎಲ್ಲರಿಗೂ ಹೇಳಿದಿರಿ. ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಯಿತು, ಕಿಟ್ಟದ ಹಲ್ಲು ಮೇಲೆ ಬಂತು.

ನೀನು ಗೋಲಿನ ಹಿಂದೆ ನಿಂತು “ಬೀಳೋ, ಬೀಳೋ” ಅಂತ ಕೂಗುತ್ತಿದ್ದೆ. ನಾನು ಬಿದ್ದೆ ಅಪ್ಪ. ಎಷ್ಟೋ ದಿನ ಬಿದ್ದೆ. ಆಮೇಲೆ ಒಂದು ದಿನ ಕಾಲು ಚಾಚಿ ನಿಲ್ಲಿಸಿದೆ. ನೀನು ಬೈಯುತ್ತೀಯ ಅಂತ ಕಾದೆ. ನೀನು “ಶಹಬ್ಬಾಸ್” ಅಂದೆ. ಚೆಂಡು ನಿಂತರೆ ಸಾಕಾಗಿತ್ತು ನಿನಗೆ, ಹೇಗೆ ನಿಂತಿತು ಅಂತ ನೀನು ನೋಡಲೇ ಇಲ್ಲ. ನನ್ನ ಕಾಲಿಗೆ ಆ ಚಾಳಿ ಕಲಿಸಿದವನು ನೀನು. ಈಗ ಊರ ಮುಂದೆ ನಿಂತು ಆ ಕಾಲನ್ನೇ ತೋರಿಸಿ ಕಳ್ಳ ಅಂತೀಯ!

ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುತ್ತೀಯ. ಹೊಸ ಊರಿನ ಜರ್ಸಿ ಕಳಿಸಿದಾಗಲೆಲ್ಲ ಅವ್ವ ಫೋನು ಗೋಡೆ ಹತ್ತಿರ ಹಿಡಿಯೋಳು. “ಕೇಳ್ತಾ ಇದೆಯೇನೋ, ನಿಮ್ಮಪ್ಪ ಮೊಳೆ ಹೊಡೀತಿದಾರೆ” ಅನ್ನೋಳು. ಆ ಸದ್ದು ನಿನಗೆ ಕೇಳುತ್ತಿರಲಿಲ್ಲ, ನನಗೆ ಕೇಳುತ್ತಿತ್ತು.

ಒಂದೇ ಮಾತು. ಮನೆಯೊಳಗೆ ಕೂತು ತಪ್ಪಾಯಿತು ಅಂತ ಬರೆದು ಕಳಿಸಬೇಡ, ಅಂಥ ಕಾಗದ ನಾನು ಒಡೆಯುವುದಿಲ್ಲ. ಆವತ್ತು ಎಲ್ಲಿ ನಿಂತು ಹೇಳಿದೆಯೋ ಅಲ್ಲಿ, ಅದೇ ಜನರ ಮುಂದೆ, ಅಷ್ಟೇ ಜೋರಾಗಿ ಹೇಳಬೇಕು. ಅಲ್ಲಿಯವರೆಗೆ ನಾನು ಭದ್ರಾವತಿಯಲ್ಲಿ ಬಸ್ಸಿನಿಂದ ಇಳಿಯುವುದಿಲ್ಲ.

ನಿಶಾಂತ್

•

ಭದ್ರಾವತಿ
10-11-2024

ಪ್ರೀತಿಯ ನಿಶಾಂತನಿಗೆ, ನಸರುಲ್ಲಾ ಚಾಚಾ ಮಾಡುವ ಸಲಾಮು.

ನಿಮ್ಮಪ್ಪ ಬರೀತಿಲ್ಲ, ಅದಕ್ಕೆ ನಾನು ಬರೀತಿದೀನಿ. ನನ್ನ ಅಕ್ಷರ ಗ್ರೀಸ್ ಮೆತ್ತಿದ ಹಾಗಿದೆ, ಬೈಕೋಬೇಡ.

ನಿನ್ನ ಶಿಲ್ಲಾಂಗಿನ ಕಾಗದ ಬಂದ ದಿನ ಅದನ್ನ ಜೇಬಲ್ಲಿಟ್ಟುಕೊಂಡು ನಮ್ಮ ಅಂಗಡಿಗೆ ಬಂದ. ಓದು ಅಂತ ಕೊಡ್ಲಿಲ್ಲ. ಸುಮ್ನೆ ಸ್ಟೂಲ್ ಮೇಲೆ ಕೂತ, ಎದ್ದು ಹೋದ. ಅದರಲ್ಲಿ ಏನಿತ್ತು ಅಂತ ಆಮೇಲೆ ಸುಷ್ಮಾ ನಂಗೂ ಚೌಡಪ್ಪನಿಗೂ ಹೇಳಿದಳು, ನಿನ್ನ ಈಗಿನ ವಿಳಾಸನೂ ಅವಳೇ ಕೊಟ್ಟಳು. ಅವತ್ತಿಂದ ದಿನಾ ಸಂಜೆ ಮೈದಾನಕ್ಕೆ ಹೋಗಿ ಆ ಎಡಗಂಬ ಹಿಡ್ಕೊಂಡು ನಿಲ್ತಾನೆ. ಯಾರು ಮಾತಾಡಿಸಿದ್ರೂ ಕೈ ಬೀಸಿ ಓಡಿಸ್ತಾನೆ. ಚೌಡಪ್ಪ ಟೀ ಒಯ್ದು ಕೊಟ್ಟರೆ ಅದನ್ನ ನೆಲಕ್ಕೆ ಚೆಲ್ಲಿದ. ಚೌಡಪ್ಪನಿಗೂ ರೇಗಿ, “ನಿನ್ನ ಜೊತೆ ಗಾಡಿ ತಳ್ಳಿದ್ದು ನಾನೂನೂ, ನನ್ನ ಮೇಲ್ಯಾಕೆ ಎಗರ್ತೀಯ” ಅಂತ ಗಲಾಟೆ.

ಮೊನ್ನೆ ಏನು ಮಾಡಿದ ಗೊತ್ತಾ? ಗೋಲಿನ ಮಧ್ಯ ನಿಂತ. ನಾನು ಬ್ಯಾಕಿನಲ್ಲಿ ನಿಲ್ತಿದ್ದ ಜಾಗದಿಂದ ನೋಡ್ತಾ ಇದೀನಿ. ಎಡಕ್ಕೆ ತಿರುಗಿ, ಕೈ ಎರಡೂ ಚಾಚಿ, ದೊಪ್ ಅಂತ ಬಿದ್ದ. ಅಲ್ಲಾನೇ ಕಾಪಾಡಬೇಕು, ಆ ವಯಸ್ಸಲ್ಲಿ! ಓಡಿ ಹೋಗಿ ಎತ್ತಿದೆ. ಮೊಣಕೈಯಿಂದ ಮಣಿಕಟ್ಟಿನ ತನಕ ಚರ್ಮ ಕಿತ್ತು ಬಂದಿತ್ತು, ಒಳಗೆ ನೀಲಿ ಚೂರು. “ಹುಚ್ಚು ಹಿಡೀತೇನೋ ನಿಂಗೆ” ಅಂತ ಬೈದೆ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದ. “ಅವನು ಆಗ ಎಷ್ಟಿದ್ದ, ನನ್ನ ಸೊಂಟಕ್ಕೆ ಬರ್ತಿದ್ದನಾ?”

ಬರ್ತಿದ್ದೆ ನೀನು. ಅಷ್ಟೇ ಇದ್ದೆ.

ಸುಷ್ಮಾ ಬಂದು ಅಪ್ಪನ ಕೈಯಿಂದ ಸೂಜಿಯಲ್ಲಿ ಚೂರು ತೆಗೆದಳು. ಹರಳೆಣ್ಣೆ ಹಚ್ಚಿದಳು.

ನಿನ್ನ ಕೋಪ ಸರಿ ಮಗಾ. ಬಿಡು ಅಂತ ನಾನು ಹೇಳಲ್ಲ. ಆದರೆ ಅವನ ಬಾಯಲ್ಲಿ ಆ ಮಾತು ಬರಲ್ಲ, ಆ ಕಬ್ಬಿಣ ಬಗ್ಗಲ್ಲ. ಬೇರೆ ದಾರಿ ಏನಾದ್ರೂ ಇದ್ದರೆ ಹೇಳು.

ನಿನ್ನ
ನಸರುಲ್ಲಾ ಚಾಚಾ

•

ಭದ್ರಾವತಿ
15-12-2024

ನಿಶಾಂತನಿಗೆ,

ನಸರುಲ್ಲಾ ನಿನಗೆ ಚಾಡಿ ಬರೆದದ್ದು ಗೊತ್ತಾಯಿತು. ನಾನು ಬಿದ್ದದ್ದು ಕಾಲು ಜಾರಿ.

ನಿನ್ನ ಕೋಪ ನನಗೆ ಅರ್ಥ ಆಗಿದೆ ಅಂತ ತಿಳ್ಕೋಬೇಡ, ನನಗೂ ಕೋಪ ಇದೆ. ಹಾಳಾದವನೇ, ಒಂದು ದಿನ ಬಂದು “ಅಪ್ಪಾ, ಚುಚ್ಚುತ್ತೆ” ಅಂತ ಹೇಳೋಕೆ ನಿನಗೆ ಬಾಯಿ ಇರಲಿಲ್ಲವಾ? ಆಗ ನನಗೆ ಕಿವಿ ಕೇಳ್ತಿತ್ತು. ಇಷ್ಟು ವರ್ಷ ಊರೂರಲ್ಲಿ ನಗಿಸಿಕೊಂಡು, ನನಗೆ ಮಾತ್ರ ಜರ್ಸಿ ಕಳಿಸಿದೆ. ನಾನು ಮೊಳೆ ಹೊಡೀತಾ ಕೂತೆ. ಬಂದವರಿಗೆಲ್ಲ ತೋರಿಸಿದೆ. ನನ್ನನ್ನು ಎಂಥ ಮಂಗ ಮಾಡಿದೆ ನೋಡು.

ನೀನು ಕೇಳಿದ ಹಾಗೆ ಎದ್ದು ನಿಂತು ಹೇಳೋಕೆ ಮೂರು ಭಾನುವಾರ ಹೋದೆ. ಆಗಲಿಲ್ಲ. ಬೈಯೋ ಮಾತು ತಾನೇ ಬರುತ್ತೆ, ಇದು ಬರಲ್ಲ.

ಅದಕ್ಕೆ ಹೀಗೆ ಮಾಡಿದೀನಿ. ನಿನ್ನ ಕಾಗದ, ಸುಷ್ಮಾದು ನನ್ನ ಹತ್ತಿರ ಇವೆ. ನಾನು ನಿನಗೆ ಬರೆದದ್ದು, ನಸರುಲ್ಲಾ ಬರೆದದ್ದು ನಿನ್ನ ಹತ್ತಿರ ಇದ್ದರೆ ವಾಪಸ್ ಕಳಿಸು. ಹರಿದು ಹಾಕಿದ್ದರೆ ಅದನ್ನಾದರೂ ತಿಳಿಸು. ಸಂಕ್ರಾಂತಿ ಮುಂಚೆ ಒಂದು ಭಾನುವಾರ ಆಟ ಮುಗಿದ ಮೇಲೆ ಚೌಡಪ್ಪನ ಅಂಗಡಿಯಲ್ಲಿ ಎಲ್ಲರ ಮುಂದೆ ನಸರುಲ್ಲಾ ಓದ್ತಾನೆ, ಒಂದಕ್ಷರ ಬಿಡದೆ. ನಾನು ಮುಂದೆ ಕೂತಿರ್ತೀನಿ. ಎದ್ದು ಹೋಗಲ್ಲ. ಈ ಕಾಗದವನ್ನೂ ಅದರ ಜೊತೆ ಇಟ್ಟು ಕಳಿಸು, ಯಾಕಂದರೆ ಓದಬೇಕಾದ ಮಾತು ಇದರಲ್ಲಿದೆ.

ನನ್ನ ಮಗ ಆಟ ಮಾರಿಕೊಂಡ ಅಂತ ನಾನು ಹೇಳಿದ್ದು ಸುಳ್ಳು.

ಆದರೂ ಬೀಳಬೇಕಿತ್ತು. ಅದನ್ನು ಈಗಲೂ ಹೇಳ್ತೀನಿ.

ಉಪ್ಪಿನ ವಿಷಯ: ನಿಮ್ಮವ್ವ ನಿನ್ನೆಯಿಂದ ಹಾಕ್ತಿದಾಳೆ. ಸ್ವಲ್ಪ ಜಾಸ್ತೀನೇ.

ನಿನ್ನ ತಂದೆ
ಪುಟ್ಟಯ್ಯ

•

ಗೋಪಾಳ, ಶಿವಮೊಗ್ಗ
4-1-2025

ಅಪ್ಪಾ,

ಎಲ್ಲ ಕಾಗದ ಇದರಲ್ಲಿವೆ. ನಿನ್ನ ಬೈಗುಳ ಒಂದನ್ನೂ ಕಳೆದಿಲ್ಲ.

ಅಕ್ಕನ ಮನೆಯಲ್ಲಿದ್ದೇನೆ. ಕೋಪ ಹೋಗಿಲ್ಲ. ಓದಿಸು, ನೋಡೋಣ.

ನಿಶಾಂತ್

•

ನಸರುಲ್ಲಾ ಓದಿದ್ದು ಇಷ್ಟು. ಆದರೆ ಇಷ್ಟು ಸಲೀಸಾಗಿ ಓದಲಿಲ್ಲ. ಪುಟ್ಟಯ್ಯನವರ ಕೊನೆಯ ಕಾಗದದಲ್ಲಿ ‘ನಾನು ಹೇಳಿದ್ದು ಸುಳ್ಳು’ ಅನ್ನುವ ಸಾಲು ಬಂದಾಗ ನಸರುಲ್ಲಾ ಅವರ ದನಿ ತಗ್ಗಿತ್ತು. ಪುಟ್ಟಯ್ಯ ಕಿವಿಗೆ ಹಿಡಿದ ಅಂಗೈಯನ್ನು ಇನ್ನಷ್ಟು ಮುಂದಕ್ಕೆ ತಂದರು.

“ಕೇಳಿಸ್ಲಿಲ್ಲ. ಇನ್ನೊಂದ್ಸಲ ಓದು.”

ನಸರುಲ್ಲಾ ಓದಿದರು.

“ಏನು ಗೊಣಗ್ತೀಯೋ? ಜೋರಾಗಿ!”

ನಸರುಲ್ಲಾ ಕೂಗಿ ಓದಿದರು. ರಸ್ತೆಯಲ್ಲಿ ಹೋಗುತ್ತಿದ್ದ ಆಟೋದವನು ಬ್ರೇಕ್ ಹಾಕಿ ನೋಡಿದ. ಆ ಸಂಜೆಯೂ ನಮ್ಮಲ್ಲೊಬ್ಬ ಮೊಬೈಲ್ ಎತ್ತಿ ಹಿಡಿದಿದ್ದ. ಪುಟ್ಟಯ್ಯನವರ ಕಣ್ಣಿಗೆ ಬಿದ್ದ ಕೂಡಲೇ ಜೇಬಿಗೆ ಇಳಿಸಲು ಹೋದ. ಅವರು ಹತ್ತಿರ ಬಾ ಅಂತ ಸನ್ನೆ ಮಾಡಿ, ತಮ್ಮ ಮುಖದ ಎದುರಿಗೇ ನಿಲ್ಲಿಸಿಕೊಂಡು, ನಸರುಲ್ಲಾ ಕಡೆ ತಿರುಗಿ “ಮತ್ತೆ ಓದು” ಅಂದರು. ಅವರಿಗೆ ನಿಜಕ್ಕೂ ಕೇಳಿಸಲಿಲ್ಲವೋ, ಕೇಳಿಸಿದ್ದು ಸಾಲಲಿಲ್ಲವೋ, ನಮಗೆ ಇವತ್ತಿಗೂ ತಿಳಿಯದು. ಚೌಡಪ್ಪನ ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು, ಯಾರೂ ಏಳಲಿಲ್ಲ. ಓದು ಮುಗಿದ ಮೇಲೆ ನಾವು ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಬನ್ನಿ ಅಂತ ಯಾರೂ ಯಾರಿಗೂ ಹೇಳಿರಲಿಲ್ಲ. ಆದರೂ ಮಂಜು ಆರುವ ಮೊದಲೇ ಒಬ್ಬೊಬ್ಬರಾಗಿ ಮೈದಾನಕ್ಕೆ ಬಂದೆವು, ಗುದ್ದಲಿ, ಹಾರೆ, ಮಂಕರಿ ಹಿಡಿದುಕೊಂಡು. ಚೌಡಪ್ಪ ಅಂಗಡಿ ತೆರೆಯದೆ ಬಂದಿದ್ದ. ನಾವು ಹೋಗುವಷ್ಟರಲ್ಲಿ ಪುಟ್ಟಯ್ಯ ಎಡಗಂಬದ ಬುಡದಲ್ಲಿ ಮಂಡಿಯೂರಿ ಕೂತು, ಗಾಯ ವಾಸಿಯಾಗಿ ಕಲೆ ಉಳಿದ ಕೈಯಲ್ಲೇ ಕಿಟ್ಟ ಕೀಳುತ್ತಿದ್ದರು. ದಮ್ಮಸು ಗಟ್ಟಿಯಾಗಿತ್ತು, ಹಾರೆ ಹಾಕಿದ ಕಡೆಯೆಲ್ಲ ಕಿಡಿ ಹಾರಿತು. ಮೊದಲು ಗುಂಡಿ ಇದ್ದಷ್ಟೂ ಆಳಕ್ಕೆ ತೆಗೆದು, ಭದ್ರಾ ದಂಡೆಯ ಮೆತ್ತನೆ ಮಣ್ಣು ತುಂಬಿ, ನೀರು ಚಿಮುಕಿಸಿ, ಕಾಲಲ್ಲಿ ಹದ ಮಾಡಿದೆವು.

ಪುಟ್ಟಯ್ಯ ಎದ್ದು ಗೋಲಿನ ಹಿಂದೆ ಹೋಗಿ ನಿಂತರು. ನಮ್ಮನ್ನೆಲ್ಲ ಒಮ್ಮೆ ನೋಡಿ, ಮೈದಾನವೆಲ್ಲ ಕೇಳುವ ಹಾಗೆ ಕೂಗಿದರು.

“ಏನ್ ನೋಡ್ತೀರ? ಬೀಳ್ರೋ!”

ಮೊದಲು ನಸರುಲ್ಲಾ ಬಿದ್ದರು. ಆಮೇಲೆ ಚೌಡಪ್ಪ, ಆಮೇಲೆ ನಾವೆಲ್ಲ, ಸರದಿಯಲ್ಲಿ ನಿಂತು, ಒಬ್ಬರಾದ ಮೇಲೆ ಒಬ್ಬರು ಎಡಕ್ಕೆ ಮೈ ಚೆಲ್ಲಿ ಬಿದ್ದೆವು. ಪ್ರತಿಯೊಬ್ಬರೂ ಎದ್ದಾಗ ಪುಟ್ಟಯ್ಯ ಹತ್ತಿರ ಬಂದು ನಮ್ಮ ಮೊಣಕೈ ತಿರುಗಿಸಿ, ಚರ್ಮದ ಮೇಲೆ ಬೆರಳಾಡಿಸಿ ನೋಡಿ ಕಳಿಸಿದರು. ಆವತ್ತು ಅಂಗಡಿಗೆ, ಆಫೀಸಿಗೆ, ಗ್ಯಾರೇಜಿಗೆ ಹೋದಾಗ ನಮ್ಮೆಲ್ಲರ ಎಡ ಭುಜಕ್ಕೆ ಮಣ್ಣು ಮೆತ್ತಿತ್ತು. ಯಾರೂ ಒರೆಸಿಕೊಳ್ಳಲಿಲ್ಲ.